ಬಿಳಿ ದಾಳಗಳ ಸೂರೆಯಾಟ

ಯಾವ ನಕ್ಷೆಯಲ್ಲೂ ಉಳಿಯದಷ್ಟು ಹಿಂದಿನ ಕಾಲದಲ್ಲಿ ಅಲೆನಾಡು ಎಂಬ ರಾಜ್ಯವಿತ್ತು. ಅದರ ಅರಸ ಗುಣವರ್ಮ. ಬಂದವರನ್ನು ಅನುಮಾನಿಸುವುದು ಅಸಭ್ಯತೆ ಎಂದು ಅವನು ನಂಬಿದ್ದ.

ಒಂದು ಬೆಳಗ್ಗೆ, ಮೂತಿಯಲ್ಲಿ ಸರ್ಪದ ತಲೆಯಿದ್ದ ಉದ್ದನೆಯ ಹಡಗು ಬಂದರಿಗೆ ಬಂತು. ಅದರಿಂದ ಗ್ರೀಮ ಎಂಬ ವೈಕಿಂಗ್ ನಾವಿಕ ಇಳಿದ. ಅವನ ಹಿಂದೆ ಬಿಳಿ ತೋಳ, ಕಂಕುಳಲ್ಲಿ ಆಟದ ಹಲಗೆ.

"ಇದು ಸೂರೆಯಾಟ, ಪ್ರಭು. ಹಲಗೆಯ ಮೇಲೆ ನಿಮ್ಮ ಕರಾವಳಿ ಬರೆದಿದೆ. ನನ್ನ ದಾಳಕ್ಕೆ ಹೆಚ್ಚು ಬಿದ್ದರೆ ನನ್ನ ದೋಣಿ ಒಂದು ಊರನ್ನು ಸೂರೆ ಮಾಡುತ್ತದೆ. ನಿಮಗೆ ಹೆಚ್ಚು ಬಿದ್ದರೆ ಸೂರೆ ಮಾಡಿದ್ದನ್ನೆಲ್ಲ ಬಿಟ್ಟುಕೊಡುತ್ತೇನೆ. ಹೊತ್ತು ಕಳೆಯಲು, ಅಷ್ಟೇ."

ನಮ್ಮ ಕರಾವಳಿಯನ್ನು ನೀನು ಯಾವಾಗ ನೋಡಿದೆ ಎಂದು ಅರಸ ಕೇಳಲಿಲ್ಲ. ಅತಿಥಿ ಕೊಟ್ಟದ್ದಕ್ಕೆ ಎರಡೂ ಕೈ ಒಡ್ಡುವುದು ಅರಮನೆಯ ರೀತಿ. ಅರಸ ಕೈಯೊಡ್ಡಿ ದಾಳ ತೆಗೆದುಕೊಂಡ, ಉರುಳಿಸಿದ, ಸೋತ. ಸಂಜೆಗೆ ಸುದ್ದಿ ಬಂತು: ಮೀನುಗಾರರ ಊರಿನಲ್ಲಿ ಒಬ್ಬರೂ ಇಲ್ಲ. ಹಲಗೆಯ ಮೇಲೆ ಮಾತ್ರ ಮನುಷ್ಯರ ರೂಪದ, ಬೆರಳುದ್ದದ ಮೂಳೆಯ ಕಾಯಿಗಳು ಸಾಲಾಗಿ ನಿಂತಿದ್ದವು. ಗೆದ್ದು ಬಿಡಿಸುತ್ತೇನೆಂದು ಅರಸ ಮರುದಿನವೂ ಆಡಿದ. ಉಪ್ಪಿನಾಗರದ ಊರೂ ಹೋಯಿತು.

ಮೂರನೆಯ ದಿನ ಗ್ರೀಮ ಹೇಳಿದ, "ಇಂದು ರಾಜಧಾನಿ."

ಆಗ ಸಭೆಗೆ ಹೊಮ್ಮಿ ಎಂಬವಳು ಬಂದಳು. ಅವಳು ಉಪ್ಪಿನಾಗರದ ಹೆಂಗಸು. ಉಪ್ಪು ಮಾರಲು ಪೇಟೆಗೆ ಬಂದಿದ್ದರಿಂದ ಉಳಿದಿದ್ದಳು. ಹಲಗೆಯ ಮೇಲಿನ ಒಂದು ಕಾಯಿಯ ಎಡಕಿವಿ ಹರಿದಿತ್ತು. ಅದು ಅವಳ ಗಂಡ ಬೀರ.

"ಒಡೆಯಾ, ನಾನು ಆಡುತ್ತೇನೆ."

ಗ್ರೀಮ ನಕ್ಕ. "ಉಪ್ಪು ಬಾಚುವ ಕೈ ದಾಳ ಹಾಕುತ್ತದೆಯೇ? ಬಾ ತಂಗಿ, ಕೈಯೊಡ್ಡು."

"ಕೆಳಗಿಡಿ."

"ಏನು?"

"ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳ."

"ಇದು ಉಪ್ಪಲ್ಲ, ಮೂಳೆ."

"ಬೆಳ್ಳಗಿದ್ದದ್ದೆಲ್ಲ ನಮಗೆ ಉಪ್ಪೇ. ಕೆಳಗಿಡಿ."

ಮಂತ್ರಿ ಪಿಸುಗುಟ್ಟಿದ, "ಅತಿಥಿಗಳ ಹತ್ತಿರ ಹೀಗೆಲ್ಲ ಮಾತಾಡಬಾರದಮ್ಮ!"

"ನಿಮ್ಮ ಊರು ಇನ್ನೂ ಇದೆಯಲ್ಲ ಸ್ವಾಮಿ, ಅದಕ್ಕೇ ನಿಮಗೆ ಮರ್ಯಾದೆ ನೆನಪಾಗುತ್ತದೆ."

ಗ್ರೀಮ ದಾಳಗಳನ್ನು ನೆಲಕ್ಕಿಟ್ಟ. ಅವುಗಳಿಂದ ತಣ್ಣನೆಯ ಹೊಗೆ ಹೊರಬಿದ್ದು ನೆಲದಲ್ಲಿ ಇಂಗಿತು. ಹೊಮ್ಮಿ ಎತ್ತಿ ಉರುಳಿಸಿದಳು. ಇಬ್ಬರಿಗೂ ನಾಲ್ಕು. ಸಮ.

ಎರಡನೆಯ ಸಲ ಅವಳು ಕೂಡಲೇ ದಾಳ ಮುಟ್ಟಲಿಲ್ಲ. ತೋಳದ ಮೂತಿ ಹಲಗೆಯ ಅಂಚಿಗೆ ಬಂದಿತ್ತು. ಅದರ ಉಸಿರಿಗೆ ದಾಳಗಳು ಅಲುಗುತ್ತಿದ್ದವು.

"ನಾಯಿಯನ್ನು ಹೊರಗೆ ಕಟ್ಟಿ."

"ಅದು ತೋಳ!"

"ಹಾಗಾದರೆ ಬಿಗಿಯಾಗಿ ಕಟ್ಟಿ."

ತೋಳ ಹೊರಗೆ ಹೋಯಿತು. ಗ್ರೀಮನಿಗೆ ಮೂರು ಬಿತ್ತು, ಹೊಮ್ಮಿಗೆ ಐದು.

ಸಭೆ ಹೋ ಎಂದಿತು. ಗ್ರೀಮ ಸಿಹಿಯಾಗಿ ನಕ್ಕ. "ನಾನು ಸೋತೆ, ತಂಗಿ. ನಿನ್ನ ಗಂಡನನ್ನು ನೀನೇ ಎತ್ತಿಕೋ."

ಅವಳ ಕೈ ಆಸೆಯಿಂದ ಮುಂದಕ್ಕೆ ಹೋಯಿತು. ಬೆರಳಿನ ತುದಿ ಮೂಳೆಯಂತೆ ಬೆಳ್ಳಗಾಗತೊಡಗಿತು. ಥಟ್ಟನೆ ಹಿಂದಕ್ಕೆಳೆದುಕೊಂಡಳು. ಎರಡು ಊರು ನುಂಗಿದವನು ಇಷ್ಟು ನಗುನಗುತ್ತಾ ಕೊಡುವುದುಂಟೇ?

"ಹೊತ್ತು ತಂದವರು ನೀವು, ಇಳಿಸುವವರೂ ನೀವೇ. ಒಬ್ಬೊಬ್ಬರನ್ನೇ ನೆಲದ ಮೇಲಿಡಿ."

ಸೋತವನು ಆಟದ ಮಾತಿಗೆ ಕಟ್ಟುಬಿದ್ದಿದ್ದ. ಒಂದೊಂದೇ ಕಾಯಿ ಇಳಿಸಿದ. ನೆಲ ತಾಗಿದ ಕಾಯಿ ಮನುಷ್ಯನಾಗಿ ಎದ್ದು ನಿಂತಿತು. ಕೊನೆಯ ಕಾಯಿ ಇಳಿದಾಗ ಹಲಗೆ ಬರಿದಾಯಿತು. ಒಮ್ಮೆ ತುಂಬಿದ ಮೇಲೆ ಬರಿದಾಗಿರಲು ಅದಕ್ಕೆ ಬಾರದು. ಗ್ರೀಮನನ್ನೂ ತೋಳವನ್ನೂ ಬಂದರಿನ ಹಡಗನ್ನೂ ಒಂದೇ ಉಸಿರಿಗೆ ಒಳಗೆಳೆದುಕೊಂಡಿತು.

ಬೀರ ಕಿವಿ ತುರಿಸಿಕೊಂಡ. "ಇಷ್ಟು ಹೊತ್ತು ಎಲ್ಲಿ ಹೋಗಿದ್ದೆಯೇ?"

"ಆಟ ಆಡಲು," ಎಂದಳು ಹೊಮ್ಮಿ.

ಹಲಗೆಯನ್ನು ಭಂಡಾರದಲ್ಲಿಡೋಣ ಎಂದ ಅರಸ.

"ಈಗಲೇ ಸುಡಿಸಿ ಒಡೆಯಾ. ನಾನು ನೋಡಿಯೇ ಹೋಗುತ್ತೇನೆ."

ಸುಟ್ಟರು. ಬೂದಿ ಆರುವವರೆಗೂ ಅವಳು ಕದಲಲಿಲ್ಲ. ಆರಿದ ಮೇಲೆ ಕೋಲಿನಿಂದ ಎರಡು ಸಲ ಕೆದಕಿ ನೋಡಿದಳು. ಆಮೇಲೆ ಗಂಡನ ಕೈ ಹಿಡಿದು ಊರಿಗೆ ನಡೆದಳು.

ಅಂದಿನಿಂದ ಅಲೆನಾಡಿನವರೆಲ್ಲ ಸುಖವಾಗಿದ್ದರು. ಬಂದರಿಗೆ ಹಡಗು ಬಂದರೆ ಮೊದಲು ಏನು ತಂದಿರಿ ಎಂದು ಕೇಳುತ್ತಿದ್ದರು, ನಮಸ್ಕಾರ ಆಮೇಲೆ.