ಮೂರು ಬೀಗದ ಗೇಟು

ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೆ ಎದ್ದು ಹೋದರೆ ಆರೋಪಿಯ ಮೇಲೆ ಸುಮ್ಮನೆ ಸಿಟ್ಟು ಮಾಡಿಕೊಳ್ಳುತ್ತೀರಿ. ಪೂರ್ತಿ ಕೇಳಿದರೆ ಸಿಟ್ಟು ಬರುವುದು ಖಂಡಿತ, ಆದರೆ ಬೇರೆಯವರ ಮೇಲೆ.

ಸೋಮವಾರ ಬೆಳಿಗ್ಗೆ ಏಳೂವರೆ. ಠಾಣೆಯ ನೆಲ ಒರೆಸಿದ ಹಸಿ ಇನ್ನೂ ಆರಿರಲಿಲ್ಲ. ಗಿರಣಿ ಊರಿನ ಪುರಸಭೆ ಅಧ್ಯಕ್ಷರು ಅದರ ಮೇಲೆ ಚಪ್ಪಲಿ ಗುರುತು ಮೂಡಿಸುತ್ತ ನೇರ ಇನ್ಸ್‌ಪೆಕ್ಟರ್ ಕೋಣೆಗೆ ನುಗ್ಗಿದರು. ಈ ಕಡೆ ಮೂರು ಊರು ಒಂದಕ್ಕೊಂದು ಅಂಟಿಕೊಂಡಿವೆ. ಗಿರಣಿ ಇರುವುದೊಂದು, ರೈಲು ನಿಲ್ಲುವುದೊಂದು, ಹೊಳೆ ದಂಡೆಯದೊಂದು. ಮನೆಯಿಲ್ಲದವರಿಗಾಗಿ ಮೂರೂ ಪುರಸಭೆಗಳು ಸೇರಿ ಒಂದು ಜಂಟಿ ಸಮಿತಿ ಮಾಡಿದ್ದವು, ಗಡಿಗಳು ಕೂಡುವ ಜಾಗದಲ್ಲಿ ಒಂದು ತಂಗುಮನೆ ಕಟ್ಟಿಸಿದ್ದವು. ಸಮಿತಿಗೂ ಇವರೇ ಅಧ್ಯಕ್ಷರು. ಕಟ್ಟಿ ವರ್ಷವಾದರೂ ಅದನ್ನು ತೆರೆದಿರಲಿಲ್ಲ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದೆ ಗೇಟಿಗೆ ಮೂರು ಬೀಗ ಹಾಕಿಕೊಂಡು, ಊರಿಗೊಂದರಂತೆ ಬೀಗದ ಕೈ ಹಂಚಿಕೊಂಡು ಕೂತಿದ್ದರು.

ಈಗ ಒಳಗೆ ಜನ ಸೇರಿಕೊಂಡಿದ್ದಾರೆ ಎಂಬುದು ದೂರು.

"ಬೀಗ ಒಡೆದು ನುಗ್ಗಿದಾರೆ ಅಂತ ಬರ್ಕೊಳ್ಳಿ," ಎಂದರು ಅಧ್ಯಕ್ಷರು. "ಸಂಜೆ ಆರರೊಳಗೆ ಎಲ್ಲಾ ಖಾಲಿ ಆಗ್ಬೇಕು."

"ಒಡೆದಿದ್ದನ್ನ ನೀವು ನೋಡಿದ್ರಾ?"

"ಒಡೀದೆ ಹೇಗ್ರಿ ಹೋಗ್ತಾರೆ? ನನ್ನ ಕೈ ನನ್ನ ಹತ್ರನೇ ಇದೆಯಲ್ಲ." ಕಾರಿನ ಕೀ ಗೊಂಚಲಿನಲ್ಲಿ ಸಿಕ್ಕಿಸಿದ್ದ ಬೀಗದ ಕೈಯನ್ನು ಅಲ್ಲಾಡಿಸಿ ತೋರಿಸಿದರು.

ಇನ್ಸ್‌ಪೆಕ್ಟರನ್ನು ಠಾಣೆಯವರು ಬೆನ್ನ ಹಿಂದೆ ನಿಧಾನ ಸಾಹೇಬರು ಎನ್ನುತ್ತಾರೆ. ಊಟವನ್ನೂ ನಿಧಾನ ಮಾಡುತ್ತಾರೆ, ಎಫ್‌ಐಆರ್ ಕೂಡ. ದೂರುದಾರರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ಅಧ್ಯಕ್ಷರು ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಮತ್ತೆ ನೆಲ ಒರೆಸಲು ಹೇಳಿ, ಟೋಪಿ ಏರಿಸಿಕೊಂಡು ಜೀಪಿನಲ್ಲಿ ಕೂತರು. ಇವರು ಠಾಣೆಗೆಲ್ಲ ಅಕ್ಕ. ಲಾಕಪ್ಪಿನಲ್ಲಿರುವವರೂ ಅಕ್ಕ ಎಂದೇ ಕೂಗುತ್ತಾರೆ.

ತಂಗುಮನೆಯ ಮುಂದೆ ದೊಡ್ಡ ಫಲಕವಿದೆ, ಮೇಲೆ ಏನೂ ಬರೆದಿಲ್ಲ. ಯಾವ ಊರಿನ ಹೆಸರು ಮೊದಲು ಬರಬೇಕೆಂಬ ಜಗಳ ಮುಗಿಯದೆ ಬಣ್ಣದವನು ಬಿಳಿ ಬಳಿದು ಹೊರಟುಹೋಗಿದ್ದ. ಅದರ ಕೆಳಗೆ ಗೇಟು ಹಾರುಹೊಡೆದಿತ್ತು. ಸರಪಳಿಯನ್ನು ಒಂದು ಕಂಬಿಗೆ ನೇತುಹಾಕಿದ್ದರು, ಅದರ ತುದಿಯಲ್ಲಿ ಮೂರು ಬೀಗ: ಗಿರಣಿ ಊರಿನ ಕೆಂಪು, ರೈಲಿನ ಊರಿನ ಹಳದಿ, ಹೊಳೆ ಊರಿನ ನೀಲಿ. ಮೂರಕ್ಕೂ ಒಂದು ಗೀರು ಬಿದ್ದಿರಲಿಲ್ಲ. ಮೂರೂ ಗಟ್ಟಿಯಾಗಿ ಹಾಕಿಕೊಂಡೇ ಇದ್ದವು.

ಎದುರಿನ ಪಂಕ್ಚರ್ ಅಂಗಡಿಯವನನ್ನೂ ಅವನ ಹತ್ತಿರ ಟಯರ್ ಬಿಚ್ಚಿಸಿ ಕೂತಿದ್ದ ಗಿರಾಕಿಯನ್ನೂ ಪಂಚ ಸಾಕ್ಷಿಗಳನ್ನಾಗಿ ಕರೆದರು. ಸರಪಳಿಯ ಎರಡೂ ತುದಿಯ ಕೊಂಡಿಗಳನ್ನು ಜೋಡಿಸಿ, ಮೂರು ಬೀಗವನ್ನೂ ಆ ಎರಡರೊಳಗೇ ತೂರಿಸಿ ಹಾಕುತ್ತಿದ್ದರೆಂದು ಪಂಕ್ಚರ್‌ನವನು ನೆನಪಿಸಿಕೊಂಡ. ಹಾಗಿದ್ದರೆ ಮೂರೂ ತೆಗೆಯಬೇಕು. ಆದರೆ ಈಗ ಕೆಂಪು ಬೀಗ ಸರಪಳಿಯ ಒಂದು ತುದಿಯಲ್ಲಿತ್ತು, ಹಳದಿ ಕೆಂಪಿನೊಳಗೆ ಸಿಕ್ಕಿಕೊಂಡಿತ್ತು, ನೀಲಿ ಹಳದಿಯೊಳಗೆ. ಸರಪಳಿಯ ಇನ್ನೊಂದು ತುದಿ ಬಿಡಿಯಾಗಿತ್ತು.

ಗಿರಾಕಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಅವನ ಕೈ ಹಿಡಿದರು, ಆ ಕಡೆ ಪಂಕ್ಚರ್‌ನವನ ಕೈ ಹಿಡಿದರು.

"ನಾವು ಮೂರು ಜನ ಕೈ ಹಿಡ್ಕೊಂಡು ದಾರಿಗೆ ಅಡ್ಡ ನಿಂತಿದೀವಿ ಅನ್ಕೋ. ದಾರಿ ಬಿಡಿಸೋಕೆ ಮೂವರೂ ಒಪ್ಪಬೇಕಾ?"

"ಬೇಡ. ಒಬ್ರು ಕೈ ಬಿಟ್ರೆ ಸಾಕು."

"ಅಷ್ಟೇ ಕಣಪ್ಪ. ಒಂದು ಬೀಗ ತೆಗೆದ್ರೂ ಸರಪಳಿ ಬಿಚ್ಕೊಳ್ಳುತ್ತೆ. ಈಗ ನನ್ನ ಕೈ ಬಿಡು, ಟಯರ್ ಗ್ರೀಸೆಲ್ಲ ನಂಗೇ ಮೆತ್ತಿದೀಯ."

ಬೀಗಗಳನ್ನು ಹೀಗೆ ಬದಲಾಯಿಸಲು ಒಮ್ಮೆಯಾದರೂ ಮೂರನ್ನೂ ಒಟ್ಟಿಗೆ ತೆಗೆದಿರಬೇಕು. ಯಾವಾಗ? ತೆಗೆದಾಗ ಸರಪಳಿ ಯಾರ ಕೈಯಲ್ಲಿತ್ತು? ಪಂಚನಾಮೆಯಲ್ಲಿ 'ಬೀಗಗಳು ಒಡೆದಿರುವುದಿಲ್ಲ' ಎಂದು ಬರೆಸಿ ಇನ್ಸ್‌ಪೆಕ್ಟರ್ ಒಳಗೆ ನಡೆದರು.

ಒಳಗೆ ಕಬ್ಬಿಣದ ಮಂಚಗಳ ಎರಡು ಸಾಲು. ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆಗಳನ್ನು ತೆಗೆದು, ನೀಟಾಗಿ ಮಡಿಸಿ ಮೂಲೆಯಲ್ಲಿ ಪೇರಿಸಿದ್ದರು. ನೆಲ ಠಾಣೆಗಿಂತ ಚೊಕ್ಕಟವಾಗಿತ್ತು, ಅಕ್ಕ ಅದನ್ನು ಗಮನಿಸಿ ಗಂಟಲು ಸರಿಮಾಡಿಕೊಂಡರು. ನಲವತ್ತರ ಹತ್ತಿರ ಜನ. ಪೊಲೀಸರನ್ನು ಕಂಡ ತಕ್ಷಣ ಎಲ್ಲರೂ ಗಂಟು ಮೂಟೆ ಎಳೆದುಕೊಂಡರು, ಪದೇ ಪದೇ ಎಬ್ಬಿಸಿಸಿಕೊಂಡು ರೂಢಿಯಾದವರ ಹಾಗೆ. ಒಬ್ಬಳು ತಾಯಿ ಮಾತ್ರ ಅಲುಗಾಡಲಿಲ್ಲ. ಅವಳ ಕೂಸಿಗೆ ಮೂರು ದಿನದಿಂದ ಜ್ವರವಿತ್ತು, ಅಂದು ಬೆಳಿಗ್ಗೆಯಷ್ಟೇ ಬೆವರಿ ನಿದ್ದೆ ಹೋಗಿತ್ತು. ಇವತ್ತು ಸಂಜೆ ಮತ್ತೆ ಬಯಲಿಗೆ ಹಾಕಿದರೆ ಕೂಸಿನ ಗತಿ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಪಕ್ಕದ ಮಂಚದಲ್ಲಿ ಅಂಗಿ ಗುಂಡಿ ಮಾರುವ ಮುದುಕಿ ಕಾಲು ಚಾಚಿ ಕೂತಿದ್ದಳು. ಎಲ್ಲರ ಬಾಯಲ್ಲೂ ಅವಳು ಗುಂಡಿ ಅಜ್ಜಿ.

"ಗೇಟು ಯಾರಜ್ಜಿ ತೆಗೆದಿದ್ದು?"

"ಯಾರೂ ಇಲ್ಲ. ಅದಕ್ಕೇ ಬೇಜಾರಾಗಿ ತಾನೇ ತೆಕ್ಕೊಂಡಿರ್ಬೇಕು."

"ಅಜ್ಜೀ, ಇದು ವಿಚಾರಣೆ."

"ಮಾಡಪ್ಪ. ನಾನೆಲ್ಲಿಗೆ ಓಡ್ತೀನಿ."

"ನಿಮ್ಮ ಊರು ಯಾವುದು?"

"ಮೂರೂ," ಎಂದಳು ಅಜ್ಜಿ. "ಇಲ್ಲಿ ಮಲಗಿದ್ರೆ ಇವರ ಪುರಸಭೆ ವ್ಯಾನು ಎತ್ಕೊಂಡ್ಹೋಗಿ ಅಲ್ಲಿ ಬಿಡುತ್ತೆ. ಅಲ್ಲಿ ಮಲಗಿದ್ರೆ ಅವರ ವ್ಯಾನು ಇನ್ನೊಂದು ಕಡೆ. ಡ್ರೈವರುಗಳಿಗೆಲ್ಲ ನಾನು ಸೋದರತ್ತೆ ಆಗ್ಬಿಟ್ಟಿದೀನಿ. ಈ ಸಲ ಎಬ್ಬಿಸೋಕೆ ಬರ್ಲಿ, ನಾನು ಏಳಲ್ಲ. ಮಂಚದ ಸಮೇತ ಹೊತ್ಕೊಂಡು ಹೋಗ್ಲಿ."

ಅಕ್ಕನ ಬಾಯಿ ಒಣಗಿತ್ತು. ಮೂಲೆಯ ನಲ್ಲಿಯಿಂದ ಒಂದು ಲೋಟ ನೀರು ಕುಡಿದವರು ಮುಖ ಕಿವುಚಿ, ಬ್ಲೀಚಿಂಗ್ ಪೌಡರ್ ಘಾಟು ಎಂದರು. ಇನ್ಸ್‌ಪೆಕ್ಟರ್ ಏಣಿ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದರು. ವರ್ಷದಿಂದ ಮುಚ್ಚಿದ್ದ ಟ್ಯಾಂಕು, ಪಾಚಿಯ ಸುಳಿವೇ ಇಲ್ಲ. ಯಾರೋ ಮುಂಚೆಯೇ ಬಂದು ತೊಳೆದು, ಔಷಧಿ ಹಾಕಿ, ನೀರು ತುಂಬಿಸಿ, ಆಮೇಲೆ ಜನರನ್ನು ಕರೆದಿದ್ದಾರೆ. ನುಗ್ಗುವ ಕಳ್ಳನಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ? ಟ್ಯಾಂಕಿನ ಮೇಲಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿದರು. ಕೊನೆಯ ಸಲ ಮೂರೂ ಬೀಗ ಒಟ್ಟಿಗೆ ತೆಗೆದದ್ದು ಯಾವಾಗ ಎಂದು ಕೇಳಿದರು.

ಹೋದ ತಿಂಗಳು ಸೊಳ್ಳೆ ಮರಿ ಪರೀಕ್ಷೆಗೆ ತೆಗೆದಿದ್ದೆವು, ಹೊಳೆ ಊರಿನ ಆರೋಗ್ಯಾಧಿಕಾರಿ ಹಟ ಹಿಡಿದು ತೆಗೆಸಿದ್ದರು ಎಂಬ ಉತ್ತರ ಬಂತು.

"ವಾಪಸ್ ಬೀಗ ಹಾಕುವಾಗ ಸರಪಳಿ ಯಾರು ಹಿಡ್ಕೊಂಡಿದ್ರು?"

"ಆ ಡಾಕ್ಟ್ರಮ್ಮನೇ. ಇಲ್ಲಿ ಹಾಕಿ ಸಾರ್ ಅಂದ್ರು, ಹಾಕ್ದೆ. ನಂಗೆ ಬೇರೆ ಮೀಟಿಂಗ್ ಇತ್ತು. ಯಾಕೆ?"

ಯಾಕೂ ಇಲ್ಲ ಎಂದು ಇನ್ಸ್‌ಪೆಕ್ಟರ್ ಫೋನ್ ಇಟ್ಟರು. ಹೊಳೆ ಊರಿನ ಬೀಗದ ಕೈ ಇರುವುದೂ ಅದೇ ಡಾಕ್ಟ್ರಮ್ಮನ ಬಳಿ.

ಹೊಳೆ ಊರಿನ ಆರೋಗ್ಯ ಕಚೇರಿ ಎಂದರೆ ಒಂದೇ ಕೋಣೆ. ಕೂಸುಗಳನ್ನು ತೂಗುವ ತಕ್ಕಡಿ, ಬಾಗಿಲು ಸರಿಯಾಗಿ ಮುಚ್ಚದೆ ಅಂಟುಪಟ್ಟಿ ಸುತ್ತಿದ ಲಸಿಕೆ ಫ್ರಿಜ್ಜು, ಕಿಟಕಿಗೆ ಪರದೆಯಿಲ್ಲ. ಮಧ್ಯಾಹ್ನ ಮೂರಕ್ಕೆ ಜೀಪು ನಿಂತಾಗ ಡಾಕ್ಟ್ರಮ್ಮ ಕೈ ತೊಳೆಯುತ್ತಿದ್ದರು. ಐವತ್ತರ ಆಸುಪಾಸು, ಕುಳ್ಳಗಿನ ಹೆಂಗಸು. ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತಲೇ ಮೊದಲ ಪ್ರಶ್ನೆ ಅವರೇ ಕೇಳಿದರು.

"ಎಫ್‌ಐಆರ್‌ನಲ್ಲಿ ಏನ್ ಬರೆದಿದೀರಿ? ಬೀಗ ಒಡೆದು ಅಂತಾನಾ?"

"ದೂರುದಾರರು ಹಾಗೆ ಹೇಳಿದ್ರು."

"ಸುಳ್ಳು. ನಾನು ನನ್ನ ಕೈಯಿಂದ ನನ್ನ ಬೀಗ ತೆಗೆದೆ. ಹಾಗೆ ಬರೀರಿ."

ಅಕ್ಕ ಪಕ್ಕದಿಂದ, ಸ್ವಲ್ಪ ಯೋಚಿಸಿ ಮಾತಾಡಿ ಮೇಡಂ, ಕೆಲಸ ಹೋಗುತ್ತೆ ಎಂದು ಮೆಲ್ಲಗೆ ಎಚ್ಚರಿಸಿದರು. ಡಾಕ್ಟ್ರಮ್ಮ ತಿಂಗಳಿಡೀ ಯೋಚಿಸಿದ್ದರು. ಒಂದೊಂದೇ ಬೆರಳು ಮಡಚಿ ಹೇಳಿದರು. ಕಟ್ಟಡ ಮೂರು ಊರಿಗೂ ಸಮ. ಒಪ್ಪಂದದಲ್ಲಿ ಬೀಗದ ಮಾತೇ ಇಲ್ಲ, ಬೀಗ ಹಾಕಿಸಿದ್ದು ಬರೀ ಅನುಮಾನ. ಒಡೆದರು ಎಂದಾದರೆ ಒಳಗಿರುವವರು ಅತಿಕ್ರಮಣದವರು, ಪೊಲೀಸರು ಲಾಠಿ ಬೀಸಿ ಇವತ್ತೇ ಹೊರಹಾಕಬಹುದು. ಒಬ್ಬ ಅಧಿಕಾರಿ ಬಾಗಿಲು ತೆಗೆದು ಕೂರಿಸಿದರು ಎಂದಾದರೆ ತಪ್ಪು ಅಧಿಕಾರಿಯದು, ಕೂತವರದಲ್ಲ.

"ಆಗ ಅವರನ್ನ ಎಬ್ಬಿಸೋಕೆ ಜಂಟಿ ಸಮಿತಿ ತೀರ್ಮಾನ ಆಗ್ಬೇಕು," ಎಂದರು ಡಾಕ್ಟ್ರಮ್ಮ. "ಮೂವರೂ ಸಹಿ ಹಾಕ್ಬೇಕು. ಆ ಮೂವರು ಒಂದು ಮಾತಿಗೆ ಸಹಿ ಹಾಕಿದ್ದನ್ನ ನೀವು ನೋಡಿದೀರಾ?"

ಇನ್ಸ್‌ಪೆಕ್ಟರ್ ನೋಡಿರಲಿಲ್ಲ.

"ಹಾಗಾದ್ರೆ ನಿಮ್ಮನ್ನ ಬಂಧಿಸ್ಬೇಕಾಗುತ್ತೆ."

"ಬಂಧಿಸಿ ಅಂತಾನೇ ಹೇಳ್ತಿರೋದು. ಬಂಧಿಸ್ದೆ ಬಿಟ್ರೆ ಆ ಜನ ಕಳ್ಳರಾಗ್ತಾರೆ."

ಸಮಿತಿಯನ್ನು ವಂಚಿಸಿ ಬೀಗದ ವ್ಯವಸ್ಥೆ ಬದಲಾಯಿಸಿದ ಆರೋಪದ ಮೇಲೆ, ಮೂರೂ ಮುಕ್ಕಾಲಿಗೆ ಅಕ್ಕ ಬಂಧನ ಪತ್ರ ಬರೆದರು. 'ಸ್ವಂತ ಬೀಗದ ಕೈಯಿಂದ ತೆಗೆದು' ಎಂಬ ಸಾಲನ್ನು ಡಾಕ್ಟ್ರಮ್ಮ ಬೆರಳಿಟ್ಟು ಎರಡು ಸಲ ಓದಿ, ಆಮೇಲೆ ಸಹಿ ಹಾಕಿದರು.

ಠಾಣೆಗೆ ಅವರ ಅತ್ತೆ ಬಂದರು. ಸೊಸೆಯನ್ನು ಬಂಧಿಸಿದ್ದಾರೆಂದು ಅತ್ತಾರೇನೋ ಎಂದು ಅಕ್ಕ ನೀರಿನ ಲೋಟ ಹಿಡಿದು ಕಾದಿದ್ದರು. ಅತ್ತೆ ಕೈಚೀಲದಿಂದ ಸೊಸೆಯ ಎರಡು ಮಾತ್ರೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಇದು ಬೆಳಿಗ್ಗೆದು, ಇದು ರಾತ್ರಿದು, ಅದಲುಬದಲು ಮಾಡಿದರೆ ನಿಮ್ಮ ತಲೆ ಮೇಲೆ ಬರುತ್ತೆ ಎಂದು ಇನ್ಸ್‌ಪೆಕ್ಟರಿಗೆ ತಾಕೀತು ಮಾಡಿದರು. ಹೊದೆಯಲು ಏನಾದರೂ ತಂದಿದ್ದೀರಾ ಎಂದು ಅಕ್ಕ ಕೇಳಿದರು.

"ಎಲ್ಲಿಂದ ತರ್ಲಿ ತಾಯಿ? ಮನೇಲಿದ್ದ ಹೊದಿಕೆ ಎಲ್ಲಾ ಇವಳು ಅಲ್ಲಿಗೆ ಹೊತ್ತಿದಾಳೆ. ನನ್ನ ಮಗ ಕಿಟಕಿ ಪರದೆ ಹೊದ್ಕೊಂಡು ಮಲಗ್ತಿದಾನೆ. ಅದೂ ಇವಳ ಆಫೀಸಿಂದು."

ಲಾಕಪ್ಪಿನ ಕಡೆಯಿಂದ ಯಾರೋ ಕಿಸಕ್ಕೆಂದರು. ಡಾಕ್ಟ್ರಮ್ಮನೂ ನಕ್ಕರು. ಜಾಮೀನು ಬೇಡ ಎನ್ನುವ ಶೂರತನವನ್ನೇನೂ ಅವರು ತೋರಿಸಲಿಲ್ಲ. ನಾಳೆ ತಂಗುಮನೆಯ ಮಕ್ಕಳಿಗೆ ಲಸಿಕೆ ಹಾಕಬೇಕು, ಬೇಗ ಜಾಮೀನು ಕೊಡಿ ಎಂದು ಅವರೇ ಅವಸರ ಮಾಡಿದರು.

ಸಂಜೆ ಆರಕ್ಕೆ ಗೇಟಿನ ಮುಂದೆ ಮೂರು ಕಾರು ನಿಂತವು, ಹಿಂದೆ ಮೂರು ವ್ಯಾನು. ಮೂವರೂ ಅಧ್ಯಕ್ಷರು ಇಳಿದರು. ಒಳಗೆ ಜನ ಮಂಚಗಳ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು. ಗುಂಡಿ ಅಜ್ಜಿ ಹೇಳಿದಂತೆಯೇ ಮಂಚದ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಆರೋಪಿ ಸಿಕ್ಕಿದ್ದಾರೆ, ಬೀಗ ಒಡೆದಿಲ್ಲ ಎಂದು ಇನ್ಸ್‌ಪೆಕ್ಟರ್ ಪಂಚನಾಮೆ ಓದಿ ಹೇಳಿದರು. ಒಳಗಿರುವವರನ್ನು ಎಬ್ಬಿಸಲು ಮೂವರೂ ಸಹಿ ಹಾಕಿದ ತೀರ್ಮಾನ ಕೊಡಿ ಎಂದರು. ಗಿರಣಿ ಊರಿನವರು ಅಲ್ಲೇ ಕಾರಿನ ಬಾನೆಟ್ ಮೇಲೆ ಕಾಗದ ಹರಡಿದರು. ಅದು ಗಿರಣಿ ಊರಿನ ಮುದ್ರೆಯ ಕಾಗದ. ನಮ್ಮದರಲ್ಲಿ ಯಾಕಾಗಬಾರದು ಎಂದರು ರೈಲಿನ ಊರಿನವರು. ಇಬ್ಬರ ದನಿಯೂ ಏರಿತು. ಹೊಳೆ ಊರಿನವರು, ಬಂಧನವಾದದ್ದು ನಮ್ಮ ಅಧಿಕಾರಿ, ಮೊದಲು ಆ ಅವಮಾನದ ಮಾತಾಗಲಿ ಎಂದು ಕಾರು ಹತ್ತಿಬಿಟ್ಟರು. ಪಂಕ್ಚರ್‌ನವನು ಅಂಗಡಿ ಮುಚ್ಚುವುದನ್ನು ಬಿಟ್ಟು ನೋಡುತ್ತ ನಿಂತ.

"ಇವತ್ತಿಗೆ ಗೇಟಿಗೆ ಬೀಗನಾದ್ರೂ ಹಾಕ್ರಿ," ಎಂದು ಗಿರಣಿ ಊರಿನ ಅಧ್ಯಕ್ಷರು ಗುಡುಗಿದರು. "ಒಳಗಿನೋರು ಒಳಗೇ ಇರ್ಲಿ, ಹೊಸಬ್ರು ಬರೋದು ಬೇಡ."

"ಆಗಲ್ಲ ಸಾರ್. ಸರಪಳಿ, ಬೀಗ, ಮೂರೂ ಕೈ, ಎಲ್ಲಾ ಮುದ್ದೆಮಾಲು. ಜಪ್ತಿ ಮಾಡ್ಬೇಕು. ಕೇಸು ಮುಗಿಯೋ ತನಕ ಠಾಣೇಲಿರುತ್ತೆ." ಇನ್ಸ್‌ಪೆಕ್ಟರ್ ಅಂಗೈ ಚಾಚಿದರು. "ನಿಮ್ಮ ಕೈ ಕೊಡಿ."

ಅಧ್ಯಕ್ಷರು ಗೊಂಚಲಿನಿಂದ ಬೀಗದ ಕೈ ಬಿಡಿಸಿಕೊಡುವಾಗ ಉಗುರು ಮುರಿದುಕೊಂಡರು. ವ್ಯಾನುಗಳು ಖಾಲಿಯೇ ತಿರುಗಿದವು. ಇನ್ಸ್‌ಪೆಕ್ಟರ್ ಜಪ್ತಿ ಪಟ್ಟಿ ಬರೆಯಲು ಕೂತರು, ಎಂದಿಗಿಂತಲೂ ನಿಧಾನವಾಗಿ.

ಡಾಕ್ಟ್ರಮ್ಮ ಹೀಗೇಕೆ ಮಾಡಿದರು ಎಂಬುದು ಅವರ ಹೇಳಿಕೆಯ ಕೊನೆಯಲ್ಲಿದೆ. ಕೆಲವು ತಿಂಗಳ ಹಿಂದೆ ಮೂರೂ ಊರಲ್ಲಿ ಒಂದೇ ದಿನ ಮನೆಯಿಲ್ಲದವರ ಗಣತಿ ಇತ್ತು. ನಮ್ಮಲ್ಲಿ ಯಾರೂ ಇಲ್ಲ ಎಂದು ತೋರಿಸಲು ಮೂರೂ ಪುರಸಭೆಗಳು ಬೆಳಿಗ್ಗೆಯೇ ಜನರನ್ನು ವ್ಯಾನಿಗೆ ತುಂಬಿ ಪಕ್ಕದೂರಿಗೆ ಅಟ್ಟಿದವು. ಮೂರು ವ್ಯಾನೂ ಗಡಿಯಲ್ಲಿ ಎದುರುಬದುರಾದವು. ಯಾರೂ ಯಾರನ್ನೂ ಒಳಗೆ ಬಿಡಲಿಲ್ಲ. ಕತ್ತಲಾಗುವ ತನಕ ಜನ ವ್ಯಾನಿನಲ್ಲೇ ಕೂತರು, ಮೂರೂ ಊರಿನ ಲೆಕ್ಕ ಸೊನ್ನೆ ಬಂತು, ಜನರೇ ಇಲ್ಲದ ಮೇಲೆ ತಂಗುಮನೆ ಯಾಕೆ ಎಂದು ಸಮಿತಿ ತೀರ್ಮಾನ ಮುಂದೂಡಿತು. ಹೊಳೆ ಊರಿನ ವ್ಯಾನಿನ ಆದೇಶಕ್ಕೆ ಸಹಿ ಹಾಕಿದವರು ಡಾಕ್ಟ್ರಮ್ಮ. ಮುಂದಿನ ಸೀಟಿನಲ್ಲಿ ಇಡೀ ದಿನ ಕೂತವರೂ ಅವರೇ. ಹಿಂದಿನಿಂದ ಗುಂಡಿ ಅಜ್ಜಿ, ನಾವೀಗ ಯಾವೂರಲ್ಲಿದೀವಮ್ಮ ಎಂದು ಕೇಳುತ್ತಲೇ ಇದ್ದಳಂತೆ. ವ್ಯಾನಿನ ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ತಂಗುಮನೆ, ಗಾಜಿನೊಳಗೆ ಖಾಲಿ ಮಂಚಗಳ ಸಾಲು, ಗೇಟಿಗೆ ಮೂರು ಬೀಗ. ಅವರ ಚೀಲದಲ್ಲಿದ್ದದ್ದು ಒಂದೇ ಕೈ.

ನೀವು ಆ ಸೀಟಿನಲ್ಲಿ ಕೂತಿದ್ದರೆ ಏನು ಮಾಡುತ್ತಿದ್ದಿರಿ?