ಬರಿದಾಗಿ ಕೊಟ್ಟ ಫ್ರೆಂಚ್ ತಟ್ಟೆ

"ಏನ್ರೀ ನಿಮ್ಮ ಕೈ! ಚಿನ್ನದ ಗಿಲೀಟನ್ನ ಯಾರಾದ್ರೂ ಉಣಸೇಹಣ್ಣು, ಇಟ್ಟಿಗೆ ಪುಡಿ ಆಕಿ ತಿಕ್ತಾರಾ?"

ತಿಂಗಳ ಹಿಂದೆ ಶ್ರೀರಂಗಪಟ್ಟಣದ ತನ್ನ ಅಂಗಡಿಯಲ್ಲಿ ಅಕ್ಕಸಾಲಿ ಚಲುವರಾಜು ಹೀಗೆ ರೇಗಿದಾಗ ಹೇಮಶ್ರೀ ಗಿಲೀಟು ಕಿತ್ತುಹೋದ ತಟ್ಟೆಯನ್ನು ಅವನ ಮುಂದಿಟ್ಟು, ತಲೆ ತಗ್ಗಿಸಿ ಬೈಸಿಕೊಂಡಿದ್ದಳು. ಒಳಗೊಳಗೇ ನಗು.

ಪಾಂಡವಪುರದ ಅವಳ ಮನೆಗೆ ಆ ತಟ್ಟೆ ಬಂದದ್ದು ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದಾಗ. ಯಾರೋ ದೊರೆ ಕೊಟ್ಟದ್ದಂತೆ. ಹಣ್ಣಿಡುವ, ಎತ್ತರದ ಕಾಲಿನ ಕಂಚಿನ ತಟ್ಟೆ, ಮೈತುಂಬ ಗಿಲೀಟು. ಅಂಚಿಗೆ ದ್ರಾಕ್ಷಿಬಳ್ಳಿ, ಕಾಲಿಗೊರಗಿ ಯಾವುದೋ ದೇವತೆ, ಪಕ್ಕದಲ್ಲಿ ಬಿಲ್ಲು ಹಿಡಿದ ರೆಕ್ಕೆಯ ಹುಡುಗ. ಮನೆಯವರ ಪಾಲಿಗೆ ಅವನು ಮನ್ಮಥ. ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿ ಬಂದವರ ತಾಂಬೂಲ ಕೂರುವುದು ಅದರಲ್ಲೇ. ಕೂತರೆ ಸಂಬಂಧ ಒಪ್ಪಿ ಮಾತು ಮುಗಿದಂತೆ.

ನಾಳೆ ಹೇಮಶ್ರೀಯನ್ನು ಕೇಳಿ ನಾಗಮಂಗಲದವರು ತಾಂಬೂಲ ತರುವವರಿದ್ದರು. ತಟ್ಟೆ ಒಯ್ಯಲು ಅವಳು ಇವತ್ತು ಅಂಗಡಿಗೆ ಬಂದಿದ್ದಳು.

ಚಲುವರಾಜು ಅದನ್ನು ಒರೆಸಿ ಮುಂದಿಟ್ಟ. ತಿಂಗಳಿಡೀ ಅವಳು ವಿಚಾರಿಸಲು ಬಂದಾಗಲೆಲ್ಲ ಅವಳ ಜಡೆ, ಬಳೆಗಳ ಮೇಲೆ ಕದ್ದು ಕೂತೆದ್ದ ಕಣ್ಣು ಇವತ್ತು ನೆಲ ಬಿಟ್ಟು ಏಳಲಿಲ್ಲ.

"ತಗೊಳಿ. ಒಳ್ಳೇದಾಗ್ಲಿ."

ಹೇಮಶ್ರೀಗೆ ಮೈಯೆಲ್ಲ ಉರಿದುಹೋಯಿತು.

"ಬರೀ ತಟ್ಟೆ ಕೊಡ್ತಿದ್ದೀಯಲ್ಲ, ನಿಮ್ಮವ್ವ ಏನೂ ಯೋಳ್ಕೊಟ್ಟಿಲ್ವಾ? ಒಬ್ರ ಮನೆ ಪಾತ್ರೆ ವಾಪಸ್ ಕೊಡುವಾಗ ಒಂದ್ ಚಿಟ್ಕೆ ಸಕ್ರೆನಾದ್ರೂ ಆಕ್ತಾರೆ."

"ನಾನಾಕಿದ್ನ ನಿಮ್ಮಪ್ಪ ಇಟ್ಕೊತಾರಾ? ಗೌಡ್ರ ಮನೆಯೋರು ನೀವು."

"ಅಪ್ಪನ್ ಮಾತು ಯಾರೆತ್ತಿದ್ರು? ಗೊತ್ತಿಲ್ದೆ ತಿಕ್ಬುಟ್ಟೆ ಅನ್ಕೊಂಡಾ? ಗೊತ್ತಿದ್ದೇ ತಿಕ್ದೆ ಕಣೋ! ಇಲ್ಲಿಗೆ ಬರಕ್ಕೆ ನೆಪ ಬೇಕಿತ್ತು, ಕೈ ಬೊಬ್ಬೆ ಬರಂಗೆ ತಿಕ್ದೆ. ನೀನು ಇನ್ನೊಬ್ಬನ ತಾಂಬೂಲಕ್ಕೆ ಒಳಪು ಕೊಟ್ಕೊಂಡು ಕೂತಿದ್ದೀಯ. ನಾಚ್ಕೆ ಆಗಲ್ವಾ?"

ಚಲುವರಾಜು ಧಡಕ್ಕನೆ ಎದ್ದ. ಅವನಿಗೂ ಸಿಟ್ಟು ನೆತ್ತಿಗೇರಿತ್ತು. ಬಹುವಚನ ಎಲ್ಲೋ ಹಾರಿಹೋಗಿತ್ತು.

"ವಾರದ ಕೆಲ್ಸಾನ ತಿಂಗ್ಳು ಎಳೆದಿದ್ದು ಯಾಕನ್ಕೊಂಡೆ? ನಂಗೆ ಕಸುಬು ಬರಲ್ಲ ಅಂತಾನಾ?"

ಹೇಮಶ್ರೀ ಕೇಳಬೇಕೆಂದಿದ್ದ ಮಾತು ಅದೇ. ಆದರೂ ಸಿಟ್ಟು ಇಳಿಯಲಿಲ್ಲ.

"ಅಂಗಾದ್ರೆ ನಾನ್ ಒತ್ಕೊಂಡೋಗಲ್ಲ. ನೀನೇ ತಂದ್ಕೊಡು. ಬರಿದು ತಂದ್ಯೋ, ನಿನ್ ಮಕ ನೋಡಲ್ಲ!"

ತಟ್ಟೆ ಬಿಟ್ಟು ಬಸ್ಸು ಹತ್ತಿಬಿಟ್ಟಳು.

ಮರುದಿನ ಬೆಳಿಗ್ಗೆ ತಟ್ಟೆಯಿಲ್ಲವೆಂದು ಅಪ್ಪ ಹೊನ್ನಪ್ಪ ಮನೆ ಹಾರಿಹೋಗುವಂತೆ ಕೂಗಾಡಿದ. ಹೇಮಶ್ರೀ ಹಲ್ಲು ಕಚ್ಚಿ ಬಾಗಿಲಲ್ಲೇ ನಿಂತಿದ್ದಳು. ಹೇಡಿ ಬರುವುದಿಲ್ಲ ಎಂದು ಕಣ್ಣು ತುಂಬುವ ಹೊತ್ತಿಗೆ ಚಲುವರಾಜು ತನ್ನ ತಾಯಿ ಪುಟ್ಟತಾಯಮ್ಮನ ಜೊತೆ ಬಂದ. ಕೈಯಲ್ಲಿ ಫ್ರೆಂಚ್ ತಟ್ಟೆ. ಅದರ ತುಂಬ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಮಲ್ಲಿಗೆ.

"ಏನ್ಲಾ ಇದು?" ಹೊನ್ನಪ್ಪ ಗುಡುಗಿದ.

ಚಲುವರಾಜು ಒಂದು ಹೆಜ್ಜೆ ಮುಂದೆ ಬಂದ. ತಟ್ಟೆ ಇಳಿಸಲಿಲ್ಲ.

"ನಿಮ್ಮ ಮಗಳನ್ನ ಕೇಳಕ್ಕೆ ಬಂದಿವ್ನಿ, ಗೌಡ್ರೇ."

ಹೊನ್ನಪ್ಪ ಮುಂದೆ ನುಗ್ಗುವ ಮೊದಲೇ ಹೇಮಶ್ರೀ ತಟ್ಟೆ ಕಿತ್ತುಕೊಂಡಳು.

"ಇಷ್ಟೊತ್ತಾ ಬರೋದು?" ಎಂದು ಅವನನ್ನು ಸುಡುವಂತೆ ನೋಡಿದಳು. ಆ ನೋಟಕ್ಕೆ ಅವನು ಮೊದಲ ಸಲ ನಕ್ಕ.

ನಡುಮನೆಯ ಚಾಪೆಯ ಮೇಲೆ ತಟ್ಟೆ ಇಟ್ಟು, ಅದರ ಪಕ್ಕದಲ್ಲೇ ಕೂತಳು.

"ನಾಗಮಂಗ್ಲಕ್ಕೆ ಫೋನ್ ಮಾಡಪ್ಪ. ತಟ್ಟೇಲಿ ಜಾಗ ಇಲ್ಲ ಅಂತ ಯೋಳು."