ಬಿಳಿ ಮೆಣಸಿನ ತೊಟ್ಟಿಯ ಪಕ್ಕ

"ಈ ಮೂಟೆಗೆ ನೀವು ಓಕೆ ಅಂದಿದ್ರಾ?"

ಗೋದಾಮಿನ ಪುಡಿ ಗಿರಣಿಯವನು ಒಂದು ಹಿಡಿ ಕಾಳುಮೆಣಸು ಅವಳ ಮುಂದೆ ಹಿಡಿದು ನಿಂತಿದ್ದ. ಅವಳು ಮೂಸಿದಂತೆ ಮಾಡಿ, "ಚೆನ್ನಾಗೇ ಇದೆಯಲ್ಲ," ಎಂದಳು.

"ಮುಗ್ಗಲು ಹೊಡೀತಿದೆ, ಮೇಡಂ."

ಅವಳ ಮುಖ ಬಿಳಿಚಿತು. ಆ ಮೆಣಸಿನ ಗೋದಾಮಿನಲ್ಲಿ ಮೂಸಿ ಮಾಲಿನ ಗುಣ ಹೇಳುವುದೇ ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು 'ಮೂಗಮ್ಮ'. ಎರಡು ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಹೊತ್ತೊಯ್ದಿತ್ತು. ಅಂದಿನಿಂದ ಕಾಳಿನ ಬಣ್ಣ, ತೂಕ ನೋಡಿ ಹೇಗೋ ದಿನ ದೂಡುತ್ತಿದ್ದಳು.

"ಹೋಗಿ, ಯಜಮಾನಮ್ಮನಿಗೆ ಹೇಳಿ. ಅದಕ್ಕೇ ತಾನೇ ಬಂದಿದ್ದು?" ಅವಳು ಸಿಡುಕಿದಳು.

"ಹೇಳೋದಿದ್ರೆ ಆರು ಮೂಟೆ ಹಿಂದೇನೇ ಹೇಳ್ತಿದ್ದೆ." ಆ ಆರನ್ನೂ ಅವನು ಸದ್ದಿಲ್ಲದೆ ಬೇರೆ ಎತ್ತಿಟ್ಟಿದ್ದ. "ಇನ್ಮೇಲೆ ನಾನು ನಿಮ್ಮ ಪಕ್ಕ ನಿಂತು ಮೂಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವಳಿಗೆ ಆಸೆಯೇನೋ ಆಯಿತು. ಆದರೆ ಅವನನ್ನೂ ಸುಳ್ಳಿಗೆ ಎಳೆಯಲು ಮನಸ್ಸೊಪ್ಪಲಿಲ್ಲ. ಅವತ್ತೇ ಯಜಮಾನಮ್ಮನ ಮುಂದೆ ಎಲ್ಲ ಹೇಳಿಬಿಟ್ಟಳು.

ಯಜಮಾನಮ್ಮ ಕಿಟಕಿಯಾಚೆ ಹಿತ್ತಲ ಕಡೆ ನೋಡಿದರು. "ಹಿತ್ತಲ ತೊಟ್ಟಿ ನೋಡ್ಕೋತೀಯಾ?" ಎಂದರು.

ಬಳ್ಳಿಯಲ್ಲೇ ಹಣ್ಣಾದ ಮೆಣಸನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ಕೊಳೆತ ಸಿಪ್ಪೆ ತಿಕ್ಕಿ, ಬಿಳಿ ಮೆಣಸು ಮಾಡುವ ತೊಟ್ಟಿಗಳವು. ನಾತಕ್ಕೆ ಅತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಅವಳಿಗೇನು! ಅಲ್ಲೇ ಕೂತು ಊಟದ ಡಬ್ಬಿಯನ್ನೂ ಬಿಚ್ಚುತ್ತಿದ್ದಳು.

ಗಿರಣಿಯವನು ದಿನಾ ಬರತೊಡಗಿದ. ಮೊದಲ ದಿನ ಜರಡಿ ಕೇಳಲು, ಮರುದಿನ ಅದೇ ಜರಡಿ ವಾಪಸ್ ಕೊಡಲು. ಆಮೇಲೆ ನೆಪಗಳೂ ಮುಗಿದವು. ಮೂಗಿಗೆ ಕರ್ಚೀಫ್ ಒತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು, ಏನೂ ಆಗದವನ ಹಾಗೆ ಅವನು ನಿಲ್ಲುತ್ತಿದ್ದುದನ್ನು ಓರೆಗಣ್ಣಲ್ಲಿ ನೋಡಿ ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಒಂದು ದಿನ ಅವನು ಬರಲಿಲ್ಲ. ಅವತ್ತು ಅವಳ ಊಟದ ಡಬ್ಬಿ ಬಿಚ್ಚದೆಯೇ ಮನೆಗೆ ವಾಪಸಾಯಿತು.

ಮರುದಿನ ಮಧ್ಯಾಹ್ನ ಅವನು ಬಂದ ಕೂಡಲೇ ಕೇಳಿಯೇಬಿಟ್ಟಳು: "ಇಷ್ಟು ಕಷ್ಟಪಟ್ಟು ಇಲ್ಲಿಗೆ ಯಾಕ್ರೀ ಬರ್ತೀರಾ?"

ಅವನು ಕರ್ಚೀಫ್ ತೆಗೆದ. "ನೀವು ಇಲ್ಲೇ ಇರ್ತೀರಲ್ಲ."

ಅವಳ ಕೈ ನೀರಲ್ಲೇ ನಿಂತಿತು. "ವಾಸನೆ ವಾಪಸ್ ಬರೋದು ಅನುಮಾನ ಅಂದಿದಾರೆ ಡಾಕ್ಟರು. ಅಡುಗೆ ಸೀದ್ರೂ ಗೊತ್ತಾಗಲ್ಲ ನಂಗೆ."

"ಅಡುಗೆ ನಾನು ಮಾಡ್ತೀನಿ."

"ಬರುತ್ತಾ?"

"ಇಲ್ಲ. ಕಲೀತೀನಿ."

ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡಲು ಅವಳು ತೊಟ್ಟಿಗೆ ಬಗ್ಗಿದಳು. ತಲೆ ಎತ್ತದೆಯೇ ಹೇಳಿದಳು:

"ಭಾನುವಾರ ಅಪ್ಪ ಮನೇಲಿರ್ತಾರೆ. ಬನ್ನಿ. ಆದ್ರೆ ಚೆನ್ನಾಗಿ ಸ್ನಾನ ಮಾಡ್ಕೊಂಡು ಬನ್ನಿ. ಅವರ ಮೂಗು ಸರಿಯಾಗೇ ಇದೆ."